ಕತ್ತರಿ ಸಿಕ್ಕಿದ ಸುದ್ದಿ

ಮೊನ್ನೆ ಮೇಜಿನ ಖಾನೆ ಎಳೆಯುವಾಗ ಹೊಲಿಗೆ ಮಿಷನಿನ ಎಣ್ಣೆಯ ಸಣ್ಣ ಡಬ್ಬಿ ಅಡ್ಡ ಬಿತ್ತು. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ, ನನ್ನದೇ ಅವಸರ. ಹಳೆಯ ಕರೆಂಟ್ ಬಿಲ್ಲುಗಳು, ಮದುವೆಯ ಕಾಗದಗಳು, ಗಂಡನ ಮಸ್ಕತ್ತಿನ ಗುರುತುಚೀಟಿ ಎಲ್ಲ ತೊಯ್ದು ತೊಪ್ಪೆಯಾದವು. ಮನೆಯಿಡೀ ಅದೇ ವಾಸನೆ...

"ಮನೆಯಲ್ಲಿ ಮಿಷನೇ ಇಲ್ಲ, ಎಣ್ಣೆ ಎಂತಕ್ಕೆ ಮಾರಾಯ್ತಿ?" ಎಂದು ಗಂಡ ಚಾವಡಿಯಿಂದ ಕೂಗಿದರು. ಅವರು ಊರಿಗೆ ಮರಳಿ ಎಷ್ಟೋ ವರ್ಷವಾಯಿತು, ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ್ದಾರೆ. ನಾನು ಎಂದಿನಂತೆ ಕಿವುಡಿಯಾದೆ. ಮಿಷನ್ ಇಲ್ಲ, ನಿಜ. ಆದರೆ ಖಾನೆಯ ತಳದಲ್ಲಿ ಬಿಳಿ ಬಟ್ಟೆ ಸುತ್ತಿಟ್ಟ ದೊಡ್ಡದೊಂದು ಕಬ್ಬಿಣದ ಕತ್ತರಿ ಇದೆ. ಅದು ನನ್ನದಲ್ಲ. ತಿಂಗಳಿಗೊಮ್ಮೆ ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಒರೆಸಿಡುವುದು ನನಗೆ ವಹಿಸಿದ ಕೆಲಸ.

ವಹಿಸಿದವರು ಮೂಡುಬಿದಿರೆಯ ಹೊಲಿಗೆ ಟೀಚರ್.

ತೊಂಬತ್ತರ ದಶಕದ ನಡುವೆ ನನಗೆ ಬಂಟ್ವಾಳದಿಂದ ಮೂಡುಬಿದಿರೆಯ ಅಂಚೆ ಕಚೇರಿಗೆ ವರ್ಗವಾಯಿತು. ಗಂಡ ಮಸ್ಕತ್ತಿನಿಂದ ಎರಡು ವರ್ಷಕ್ಕೊಮ್ಮೆ ಬಂದು, ಮನೆಯ ಬೆಕ್ಕಿಗೆ ಅವರ ಗುರುತು ಹತ್ತುವಷ್ಟರಲ್ಲಿ ಹೊರಟುಬಿಡುವ ಕಾಲ ಅದು. ಮಕ್ಕಳಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಕೆಳಗಿಳಿಯುವ ರಸ್ತೆಯಲ್ಲಿ ಟೀಚರ್ ತಮ್ಮ ಮನೆಯ ಒಂದು ಪಾಲನ್ನು ಬಾಡಿಗೆಗೆ ಕೊಟ್ಟರು. ಬ್ಯಾರಿ ಮುಸ್ಲಿಂ ಮನೆತನದವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಮದುವೆಯಾಗದೆ ಉಳಿದವರು. ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಅವರ ತುಟಿಯ ನಡುವೆ ಯಾವಾಗಲೂ ಒಂದೆರಡು ಗುಂಡುಸೂಜಿ ಇರುತ್ತಿದ್ದುದರಿಂದ ಮಾತು ಕಡಿಮೆ. ನನಗೋ, ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ಅಮ್ಮ ಬೈಯುತ್ತಿದ್ದ ಬಾಯಿ. ಆದರೂ ಹೊಂದಿಕೊಂಡೆವು. ಅವರು ನನ್ನನ್ನು "ಪೋಸ್ಟಮ್ಮ" ಎಂದರು, ನಾನು ಟೀಚರ್ ಎಂದೆ. ಅದಕ್ಕಿಂತ ಹೆಚ್ಚಿನ ಹೆಸರು ನಮಗೆ ಬೇಕಾಗಲಿಲ್ಲ.

ಅಂಚೆ ಕಚೇರಿಯಲ್ಲಿ ನನ್ನ ಕೌಂಟರಿಗೆ ಟೆಲಿಗ್ರಾಂ ಕೆಲಸವೂ ಇತ್ತು. ಜನ ಅಳುತ್ತಾ ಬರುತ್ತಿದ್ದರು, ಅಜ್ಜಿಗೆ ಸೀಕು ಜೋರು, ಹೀಗಾಯಿತು, ಹಾಗಾಯಿತು, ಡಾಕ್ಟರು ಇಂಥ ಮಾತು ಹೇಳಿದರು ಎಂದು ಒಂದು ಪುಟ ಹೇಳುತ್ತಿದ್ದರು. ನಾನು ಅದನ್ನು ನಾಲ್ಕು ಪದಕ್ಕೆ ಇಳಿಸಿ, "ಇಷ್ಟು ಸಾಕು, ವಿಷಯ ಮುಟ್ಟುತ್ತದೆ" ಎನ್ನುತ್ತಿದ್ದೆ. ಆ ಕೆಲಸದಲ್ಲಿ ನಾನು ಎತ್ತಿದ ಕೈ. ನನ್ನ ಪೋಸ್ಟ್‌ಮಾಸ್ಟರರೇ ಹಾಗೆ ಹೇಳುತ್ತಿದ್ದರು, ನನಗೂ ಅದರ ಗರ್ವ ಸ್ವಲ್ಪ ಇತ್ತು. ಇದನ್ನು ಯಾಕೆ ಇಲ್ಲಿ ಹೇಳುತ್ತಿದ್ದೇನೆಂದು ಮುಂದೆ ಗೊತ್ತಾಗುತ್ತದೆ.

ಆ ಮನೆಯಲ್ಲಿ ವಾರದ ಆರು ದಿನ ಹೇಗೋ ಕಳೆಯುತ್ತಿತ್ತು, ಭಾನುವಾರ ಮಧ್ಯಾಹ್ನ ಕಳೆಯುತ್ತಿರಲಿಲ್ಲ. ಊಟವಾಗಿ, ಪಾತ್ರೆ ತೊಳೆದು, ರಸ್ತೆಯಲ್ಲಿ ಒಂದು ನಾಯಿಯೂ ಓಡಾಡದ ಹೊತ್ತು. ಮೊದಲನೆಯ ಭಾನುವಾರವೇ ಗೋಡೆಯ ಆಚೆಯಿಂದ ನನಗೆ ಅರ್ಥವಾಗದ ಭಾಷೆಯಲ್ಲಿ ಹೆಂಗಸೊಬ್ಬಳ ಮಾತು ಕೇಳಿಸಿತು. ತಡೆಯಲಾರದೆ ಹೋಗಿ ಇಣುಕಿದೆ. ಟೀಚರ್ ಹೊಲಿಗೆ ಮಿಷನಿನ ಎದುರು ಕೂತು ಕತ್ತರಿಯೊಂದಕ್ಕೆ ಎಣ್ಣೆ ಹಾಕುತ್ತಿದ್ದರು. ಮಿಷನಿನ ಮೇಲೆ ಚರ್ಮದ ಕವಚದ ರೇಡಿಯೋ. ಸ್ವರ ಬಾವಿಯೊಳಗಿಂದ ಬಂದ ಹಾಗೆ ಏರುತ್ತಾ ಇಳಿಯುತ್ತಾ ಇತ್ತು.

"ಇದು ಇಂಡೊನೇಷ್ಯಾ," ಎಂದರು, ಪಕ್ಕದ ಮನೆಯವರನ್ನು ಪರಿಚಯ ಮಾಡಿಸುವಂತೆ. "ಕೂತುಕೊಳ್ಳಿ. ಅರ್ಧ ಗಂಟೆ ಮಾತ್ರ. ಸೆಲ್ಲು ಬೇಗ ಮುಗೀತದೆ."

ಅವರ ತಮ್ಮ ಅಲ್ಲಿದ್ದ. ಅದನ್ನು ಅವರು ಒಂದೇ ದಿನ ಹೇಳಲಿಲ್ಲ, ಭಾನುವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಹೇಳಿದರು... ತಂದೆ ದರ್ಜಿ. ತಾಯಿ ತಂದೆ ಇಬ್ಬರೂ ಬೇಗ ಹೋದ ಮೇಲೆ ತಮ್ಮನನ್ನು ಸಾಕಿದ್ದು ಇವರೇ. ತಂದೆಯಿಂದ ಉಳಿದದ್ದು ಈ ಮನೆ, ಆ ಮಿಷನ್ ಮತ್ತು ಆ ಕತ್ತರಿ. ಒಂದು ಬೇಸಿಗೆಯಲ್ಲಿ ಕತ್ತರಿ ಕಾಣೆಯಾಯಿತು. ತಮ್ಮನಿಗೆ ಆಗ ಹತ್ತೊಂಬತ್ತು, ಓದು ಬಿಟ್ಟು ಕೆಲಸವಿಲ್ಲದೆ ತಿರುಗುತ್ತಿದ್ದ. ಅವನೇ ಬೆಳ್ತಂಗಡಿಯ ಯಾವನೋ ಟೈಲರನಿಗೆ ಮಾರಿದ್ದಾನೆಂದು ಇವರು ಹಟ ಹಿಡಿದರು. ಅವನು ನಾನಲ್ಲ ಎಂದ. ಇವರು ಅಂಗಳದಲ್ಲಿ ನಿಂತು, ನೆರೆಯವರೆಲ್ಲ ಕೇಳುವ ಹಾಗೆ, "ಕಳ್ಳ" ಎಂದರು. ವಾರದೊಳಗೆ ಅವನು ಮನೆ ಬಿಟ್ಟ. ಮಂಗಳೂರಿನಿಂದ ಹಡಗು ಹತ್ತಿದನಂತೆ ಎಂದು ಯಾರೋ ಹೇಳಿದರು.

ಜೂನ್‌ನಲ್ಲಿ ಶಾಲೆ ತೆರೆಯಿತು. ಹೊಲಿಗೆ ತರಗತಿಯ ಕಪಾಟಿನಲ್ಲಿ, ಮಕ್ಕಳ ಮಾದರಿ ಬಟ್ಟೆಗಳ ಕೆಳಗೆ, ಕತ್ತರಿ ಮಲಗಿತ್ತು. ಮಾರ್ಚ್ ತಿಂಗಳ ಪರೀಕ್ಷೆಯ ದಿನ ಟೀಚರ್ ತಾವೇ ಕೊಂಡೊಯ್ದು ಅಲ್ಲಿಟ್ಟು ಬೀಗ ಹಾಕಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ಎಂದು ನಾನು ತಮಾಷೆಗೆ ಅಂದೆ. ಅವರು ನಗಲಿಲ್ಲ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು," ಎಂದಷ್ಟೇ ಹೇಳಿದರು. ನನಗೆ ನನ್ನ ನಾಲಿಗೆಯ ಮೇಲೆಯೇ ಸಿಟ್ಟು ಬಂತು.

ಆಮೇಲೆ ತಮ್ಮನಿಂದ ಬಂದದ್ದು ಒಂದೇ ಕಾಗದ. ವಿಳಾಸವಿಲ್ಲ. ಇಂಡೊನೇಷ್ಯಾದ ಒಂದು ಬಂದರಿನಲ್ಲಿ ಹಡಗು ಬಿಟ್ಟಿದ್ದೇನೆ, ಹೋಟೆಲಿನಲ್ಲಿ ಕೆಲಸ ಸಿಕ್ಕಿದೆ, ಇಲ್ಲಿ ಅನ್ನಕ್ಕೆ ನಾಸಿ ಅನ್ನುತ್ತಾರೆ, ಉಪಕಾರ ಆಯಿತು ಅನ್ನುವುದಕ್ಕೆ ತೆರಿಮಾ ಕಾಸಿ ಅನ್ನುತ್ತಾರೆ, ಯಜಮಾನನಿಗೆ ಹಿಂದಿ ಹಾಡಿನ ಹುಚ್ಚು, ಹಿಂದಿ ಹಾಡು ಬರುವ ಸ್ಟೇಷನ್ನನ್ನೇ ಇಟ್ಟಿರುತ್ತಾನೆ, ಹುಡುಕಬೇಡ. ಇಷ್ಟೇ. ಟೀಚರ್ ಅವನು ಬಿಟ್ಟುಹೋದ ರೇಡಿಯೋ ಹಿಡಿದು ಕೂತು, ಮುಳ್ಳನ್ನು ಕೂದಲೆಳೆಯಷ್ಟೇ ಸರಿಸುತ್ತಾ, ಒಂದು ಭಾನುವಾರ "ತೆರಿಮಾ ಕಾಸಿ" ಎಂಬ ಮಾತು ಕೇಳಿ ಕೈ ನಿಲ್ಲಿಸಿದರು. ಹಿಂದೆಯೇ ಒಂದು ಹಿಂದಿ ಹಾಡು ಬಂತು. ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ರೇಡಿಯೋದ ಗಾಜಿನ ಮೇಲೆ ಅಲ್ಲೇ ಒಂದು ಗೆರೆ ಎಳೆದರು. ನಾನು ಆ ಮನೆಗೆ ಹೋಗುವಾಗ ಅವರು ಹಾಗೆ ಕೇಳಲು ಶುರುಮಾಡಿ ಮೂರು ವರ್ಷವಾಗಿತ್ತು.

ಆಮೇಲೆ ಇಬ್ಬರೂ ಕೇಳಿದೆವು. ಭಾಷೆ ಬಾರದಿದ್ದರೂ ಅಲ್ಲಲ್ಲಿ ಒಂದು ಪದ ಕೈಗೆ ಸಿಗುತ್ತಿತ್ತು. ಬಾಹಾಸ, ಸುವಾರ, ಚರಿತ... ಭಾಷೆ, ಸ್ವರ, ಚರಿತೆ ಎಂದು ನಾನು ಕೂಗುತ್ತಿದ್ದೆ. ಕಾಬಾರ್, ದುನಿಯಾ, ಜುಮಾತ್ ಬಂದರೆ ಖಬರು, ದುನಿಯಾ, ಜುಮಾ ಎಂದು ಅವರ ಮುಖ ಅರಳುತ್ತಿತ್ತು. "ನಿಮ್ಮದು ಅರ್ಧ, ನನ್ನದು ಅರ್ಧ. ಸೇರಿಸಿದರೆ ಊಟಕ್ಕಾಗುವಷ್ಟು ಉಂಟು," ಎನ್ನುತ್ತಿದ್ದರು. ಗಂಡನ ಕಾಗದ ಬರದ ವಾರಗಳಲ್ಲಿ ಆ ಅರ್ಧ ಗಂಟೆಯೇ ನನಗೂ ಆಧಾರವಾಗಿತ್ತು, ಸುಳ್ಳು ಯಾಕೆ ಹೇಳಲಿ. ಅಲ್ಲಿನ ಜನ ನಮ್ಮ ಹಾಡು ಎಷ್ಟು ಪ್ರೀತಿಯಿಂದ ಹಾಕುತ್ತಾರೆ ನೋಡಿ ಎಂದು ಇಬ್ಬರೂ ಬೀಗುತ್ತಿದ್ದೆವು. ಒಮ್ಮೆ ವೀಣೆಯೂ ಬಂತು. ಆಗಲೂ ನಮಗೆ ತಲೆಗೆ ಹೊಳೆಯಲಿಲ್ಲ.

ಟೀಚರ್ ರೇಡಿಯೋ ಹಾಕುತ್ತಿದ್ದುದು ಎರಡೂವರೆಗೆ, ಮಧ್ಯಾಹ್ನದ ನಮಾಜು, ಊಟ ಎಲ್ಲ ಮುಗಿಸಿ. ಮೂರು ಹೊಡೆದ ಕೂಡಲೇ ಆರಿಸಿಬಿಡುತ್ತಿದ್ದರು. ಒಂದು ಭಾನುವಾರ ಅವರ ನಮಾಜು ತಡವಾಯಿತು. "ಇವತ್ತು ನೀವೇ ಹಾಕಿ ಪೋಸ್ಟಮ್ಮ, ನಾನು ಬರ್ತೇನೆ," ಎಂದು ಒಳಗೆ ಹೋದರು. ನನಗೆ ತಾಳ್ಮೆ ಎಲ್ಲಿಯದು? ಎರಡೂಕಾಲಿಗೇ ಗುಂಡಿ ತಿರುಗಿಸಿದೆ.

ಮೊದಲು ಬಂದದ್ದು ಒಂದು ರಾಗ. ಅಪ್ಪನ ಮನೆಯಲ್ಲಿ ದಿನಾ ಬೆಳಿಗ್ಗೆ ರೇಡಿಯೋ ಹಾಕಿದಾಗ, ವಂದೇ ಮಾತರಂಗೂ ಮೊದಲು ಬರುತ್ತಿದ್ದ ಅದೇ ರಾಗ. ಆಮೇಲೆ ಅದೇ ಹೆಂಗಸು ನಮ್ಮ ದೇಶದ ರೇಡಿಯೋದ ಹೆಸರನ್ನು ಸ್ಪಷ್ಟವಾಗಿ ಹೇಳಿ, ಆ ಭಾಷೆಯಲ್ಲಿ ಮಾತು ಮುಂದುವರಿಸಿದಳು. ನಾನು ಮುಳ್ಳು ನೋಡಿದೆ. ಚಾಕಿನ ಗೆರೆಯ ಮೇಲೇ ಇತ್ತು.

ಮೊದಲು ನಗು ಬಂತು, ಆಮೇಲೆ ಭಯವಾಯಿತು. ಈ ಸ್ವರ ಅಲ್ಲಿಂದ ಬರುವುದಲ್ಲ, ಇಲ್ಲಿಂದ ಅಲ್ಲಿಗೆ ಹೋಗುವುದು. ಅಲ್ಲಿನವರಿಗೆಂದು ನಮ್ಮವರೇ ಅವರ ಭಾಷೆಯಲ್ಲಿ ಹೇಳುವುದು. ತಮ್ಮನ ಊರಿನ ಗಾಳಿ ಎಂದುಕೊಂಡು ಟೀಚರ್ ಇಷ್ಟು ವರ್ಷ ಕೇಳಿದ್ದು ನಮ್ಮದೇ ಗಾಳಿಯನ್ನು. ಹೇಳಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವರು ಬಂದು ಕೂತರು, ನನ್ನ ಬಾಯಿ ಹೇಳಿಬಿಟ್ಟಿತು.

ಮೂರು ಹೊಡೆಯಿತು, ಅವರು ರೇಡಿಯೋ ಆರಿಸಲಿಲ್ಲ. ಕಾರ್ಯಕ್ರಮ ಮುಗಿದು ಬರೀ ಸೊಂಯ್ ಶಬ್ದ ಬರತೊಡಗಿದ ಮೇಲೆ ನನ್ನ ಕಡೆ ತಿರುಗಿದರು. ಅಷ್ಟು ಬೆಳಗಿದ ಮುಖವನ್ನು ನಾನು ಆ ಮನೆಯಲ್ಲಿ ಮೊದಲ ಸಲ ನೋಡಿದ್ದು.

"ಹಾಗಾದರೆ ಇಲ್ಲಿ ಹೇಳಿದ್ದು ಅಲ್ಲಿ ಕೇಳ್ತದಾ? ಅವನ ಯಜಮಾನ ಹಾಕುವುದು ಇದನ್ನೇ ಅಲ್ವಾ? ನಾನು ಕಿವಿ ಕೊಟ್ಟು ಕೂತದ್ದೇ ಕೂತದ್ದು, ಹೇಳಬಹುದಿತ್ತು ನೋಡಿ!"

ಆ ಕಾರ್ಯಕ್ರಮದಲ್ಲಿ ಹೆಸರು, ಊರು ಹೇಳಿ ಹೇಳಿ ಹಾಡು ಹಾಕುತ್ತಿದ್ದುದರಿಂದ, ಕೇಳುಗರ ಪತ್ರ ಓದುತ್ತಾರೆಂದು ನಾವು ಊಹಿಸಿದ್ದೆವು. ನನ್ನಂಥ ಅಂಚೆಯವಳಿಗೆ ದೆಹಲಿಯ ರೇಡಿಯೋ ಕಚೇರಿಯ ವಿಳಾಸ ಹುಡುಕುವುದು ಕಷ್ಟವೇ? ಅವರು ಹೇಳಿದರು, ನಾನು ಬರೆದುಕೊಂಡೆ. ಹೆಸರು ಬೇಡ, ಅವನು ಕಾಗದಪತ್ರ ಇಲ್ಲದೆ ಇರುವವನು, ಹಿಡಿದುಬಿಟ್ಟರೆ? ಊರಿನ ಹೆಸರು ಹಾಕಿ, ಸಾಕು, ಕತ್ತರಿ ಅಂದರೆ ಅವನಿಗೆ ಗೊತ್ತಾಗ್ತದೆ ಎಂದರು. ಆಮೇಲೆ ನಿಧಾನವಾಗಿ, ಬಟ್ಟೆಯ ಅಳತೆ ಹೇಳುವಂತೆ ಹೇಳಿದರು.

"ಕತ್ತರಿ ಸಿಕ್ಕಿದೆ. ಶಾಲೆಯ ಕಪಾಟಿನಲ್ಲಿತ್ತು. ಅಲ್ಲಿ ಇಟ್ಟದ್ದು ನಾನೇ. ನೀನು ಕದ್ದದ್ದಲ್ಲ. ನಿನ್ನನ್ನು ನಾಲ್ಕು ಜನರ ಎದುರು ಕಳ್ಳ ಅಂದದ್ದು ನನ್ನ ತಪ್ಪು. ಮನೆಗೆ ಬಾ."

ಮರುದಿನ ಕೌಂಟರಿನಲ್ಲಿ, ಇಬ್ಬರು ಗಿರಾಕಿಗಳ ನಡುವಿನ ಬಿಡುವಿನಲ್ಲಿ, ಅದನ್ನು ಇಂಗ್ಲಿಷಿಗೆ ಇಳಿಸಿದೆ. ಕೈ ತನ್ನ ಅಭ್ಯಾಸದಂತೆ ಓಡಿತು. ಕಪಾಟು ಯಾಕೆ, ಬಿಟ್ಟೆ. ದೇಶ ದೇಶ ಕೇಳುವ ರೇಡಿಯೋದಲ್ಲಿ ಟೀಚರ್ ತಮ್ಮ ಮಾನ ತಾವೇ ಯಾಕೆ ಕಳೆದುಕೊಳ್ಳಬೇಕು, ತಪ್ಪಿನ ಮಾತನ್ನೂ ಬಿಟ್ಟೆ. ಚಿಕ್ಕದಾದರೆ ಓದಿಯಾರು, ಉದ್ದವಾದರೆ ಬುಟ್ಟಿಗೆ ಹಾಕಿಯಾರು. ಕೊನೆಗೆ ಉಳಿದದ್ದು ಮೂರು ಮಾತು: ಕತ್ತರಿ ಸಿಕ್ಕಿದೆ. ಅಕ್ಕನಿಗೆ ಸಿಟ್ಟಿಲ್ಲ. ಮನೆಗೆ ಬಾ. ಎರಡನೆಯದು ನಾನು ಸೇರಿಸಿದ್ದು, ಚೆನ್ನಾಗಿ ಕಂಡಿತು. ವಿಷಯ ಮುಟ್ಟುತ್ತದೆ, ಇಷ್ಟು ಸಾಕು ಎಂದು ಲಕೋಟೆ ಅಂಟಿಸಿದೆ. ಅಂಟಿಸಿ ಹೆಮ್ಮೆಪಟ್ಟೆ ಕೂಡ.

ಎರಡು ತಿಂಗಳಿಗೆ ಒಂದು ಕಾರ್ಡು ಬಂತು. ಇಂಥ ಭಾನುವಾರ ಓದುತ್ತೇವೆ ಎಂದು ಯಾರೋ ಪುಣ್ಯಾತ್ಮರು ಕೈಯಲ್ಲಿ ಬರೆದಿದ್ದರು. ಆ ದಿನ ಟೀಚರ್ ಹೊಸ ಸೆಲ್ಲು ಹಾಕಿ, ಹಬ್ಬದ ಸೀರೆ ಉಟ್ಟು ಕೂತರು. ಸ್ವರ ಹೋಗುತ್ತಾ ಬರುತ್ತಾ ಇತ್ತು. ನಡುವೆ ಆ ಹೆಂಗಸಿನ ಬಾಯಿಯಲ್ಲಿ ನಮ್ಮ ಊರಿನ ಹೆಸರು ಬಂತು, ಎಲ್ಲೆಲ್ಲೋ ಒತ್ತು ಕೊಟ್ಟು, ಆದರೂ ನಮ್ಮ ಊರೇ. ಆಮೇಲೆ "ಗುಂಟಿಂಗ್" ಎಂದಳು. ಆ ಪದ ಅವಳಿಗೇ ಮೋಜೆನಿಸಿತೋ ಏನೋ, ಸಣ್ಣಗೆ ನಕ್ಕು ಇನ್ನೊಮ್ಮೆ ಹೇಳಿದಳು. "ಕತ್ತರಿ!" ಎಂದು ಟೀಚರ್ ನನ್ನ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಹಾಡು ಶುರುವಾಯಿತು.

ಹಾಡು ಮುಗಿದ ಮೇಲೆ ಕೇಳಿದರು, "ಇಷ್ಟೇನಾ? ನಾನು ಹೇಳಿದ್ದು ಉದ್ದ ಇತ್ತಲ್ಲ?"

"ಅವರ ಭಾಷೆಯಲ್ಲಿ ಹೇಳುವಾಗ ಚಿಕ್ಕದಾಗ್ತದೆ ಟೀಚರ್," ಎಂದೆ.

ಅವರು ನಂಬಿದರು. ಅಂಚೆಯವಳ ಮಾತನ್ನು ನಂಬದೆ ಇನ್ನು ಯಾರ ಮಾತನ್ನು ನಂಬುವುದು? ಎದ್ದು ಹೋಗಿ ಪೆಟ್ಟಿಗೆಯಿಂದ ಬಿಳಿ ಪಾಪ್ಲಿನ್ ಬಟ್ಟೆ ತಂದು ಹಾಸಿದರು. ಸಿಕ್ಕಿದ ದಿನದಿಂದ ಎಣ್ಣೆ ಹಾಕಿ ಹಾಕಿ ಇಟ್ಟಿದ್ದರೇ ಹೊರತು ಆ ಕತ್ತರಿಯನ್ನು ಬಟ್ಟೆಗೆ ತಾಗಿಸಿರಲಿಲ್ಲ. ಅಂದು ತಾಗಿಸಿದರು. "ಈಗ ಹೆಗಲು ಎಷ್ಟು ಅಗಲ ಆಗಿರಬಹುದು? ಒಂದು ಇಂಚು ಹೆಚ್ಚೇ ಇರಲಿ," ಎನ್ನುತ್ತಾ ತಮ್ಮನಿಗೊಂದು ಅಂಗಿ ಕತ್ತರಿಸಿದರು. ಸಂಜೆಯೊಳಗೆ ಕಾಜಾ, ಗುಂಡಿ ಎಲ್ಲ ಆಗಿತ್ತು. ಅದನ್ನು ಗೋಡೆಯ ಮೊಳೆಗೆ ತೂಗುಹಾಕಿದರು.

ಆ ಮಳೆಗಾಲದ ಮೊದಲು ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಪಕ್ಕದ ಲಾಯಿಲದಲ್ಲಿ ಒಂದು ಕೋಣೆ ಹಿಡಿದೆ. ಭಾನುವಾರಗಳು ಮತ್ತೆ ಮೊದಲಿನಂತಾದವು, ಇನ್ನೂ ಖಾಲಿ. ಎರಡು ತಿಂಗಳಾದ ಮೇಲೆ ಟೀಚರಿಂದ ಒಂದು ಸಾಲಿನ ಕಾರ್ಡು: "ಅವನು ಕೇಳಿದ್ದಾನೆ. ಬನ್ನಿ." ವೇಣೂರಿನ ಮೇಲಾಗಿ ಮೂಡುಬಿದಿರೆಗೆ ಹೋಗುವ ಬಸ್ಸು ಹಿಡಿದು ಓಡಿದೆ. ದಾರಿಯುದ್ದಕ್ಕೂ ಖುಷಿ, ಗರ್ವ. ನಾನು ಬರೆದ ಮೂರು ಮಾತು ಸಮುದ್ರ ದಾಟಿತಲ್ಲ!

ಟೀಚರ್ ಮಿಷನಿನ ಮೇಲಿದ್ದ ಚಿತ್ರದ ಕಾರ್ಡನ್ನು ನನ್ನ ಮುಂದೆ ಸರಿಸಿದರು. ಅದರಲ್ಲೂ ವಿಳಾಸವಿರಲಿಲ್ಲ. ಮರೆತು ಮರೆತು ಬರೆದ ಕನ್ನಡ ಅಕ್ಷರ.

"ರೇಡಿಯೋದಲ್ಲಿ ಕೇಳಿದೆ. ಕತ್ತರಿ ಸಿಕ್ಕಿದ್ದು ಒಳ್ಳೆದಾಯ್ತು. ಸಿಟ್ಟಿಲ್ಲ ಅಂದದ್ದಕ್ಕೆ ತೆರಿಮಾ ಕಾಸಿ. ಆದರೆ ನಾನು ಕದ್ದಿರಲಿಲ್ಲ. ಆಗಲೂ ಹೇಳಿದ್ದೆ, ಈಗಲೂ ಹೇಳ್ತೇನೆ. ನನ್ನನ್ನು ಕ್ಷಮಿಸುವುದು ಬೇಡ."

ಕಾರ್ಡನ್ನು ಇನ್ನೊಮ್ಮೆ ಓದಿದೆ, ನಾನು ಸೇರಿಸಿದ ಮಾತೇ ಅಲ್ಲಿ ಕೂತಿತ್ತು. ಟೀಚರ್ ಮಾತ್ರ ಶಾಂತವಾಗಿದ್ದರು.

"ಅವನಿಗೆ ಅರ್ಧವೇ ಕೇಳಿದ್ದು ನೋಡಿ," ಎಂದರು. "ಆ ದಿನ ಸ್ವರ ಹೋಗಿ ಹೋಗಿ ಬರ್ತಿತ್ತಲ್ಲ. ಮುಖ್ಯದ್ದು ಬರುವಾಗಲೇ ಹೋಗಿರಬೇಕು. ಇನ್ನೊಮ್ಮೆ ಬರೆಯುವ, ಆಗದಾ?"

"ಬರೆಯುವ, ಟೀಚರ್," ಎಂದೆ. ಅಲ್ಲಿಯೇ, ಆ ಕ್ಷಣವೇ ಕಾಲು ಹಿಡಿದು ಹೇಳಬೇಕಿತ್ತು. ಯಾವ ಗುಟ್ಟನ್ನೂ ಇಟ್ಟುಕೊಳ್ಳಲಾಗದ ನನ್ನ ಬಾಯಿ ಆ ಒಂದು ಮಾತನ್ನು ಮಾತ್ರ ನುಂಗಿತು... ಮರುದಿನ ಬರೆದೆ. ಒಂದು ಪದ ಬಿಡದೆ, ಕಪಾಟು, ಪರೀಕ್ಷೆಯ ದಿನ, ನಾಲ್ಕು ಜನ, ಎಲ್ಲ ಬರೆದೆ. ಪತ್ರಗಳು ಬಹಳ ಇವೆ, ಸರದಿಯಂತೆ ಓದುತ್ತೇವೆ ಎಂದು ಅಚ್ಚು ಹಾಕಿದ ಉತ್ತರ ಬಂತು. ಒಂದು ರೇಡಿಯೋ ಕೊಂಡು ಲಾಯಿಲದ ಕೋಣೆಯಲ್ಲಿ ಭಾನುವಾರ ಭಾನುವಾರ ಕಿವಿ ಇಟ್ಟು ಕೂತೆ. ಮೂಡುಬಿದಿರೆಯಲ್ಲಿ ಅವರು, ಇಲ್ಲಿ ನಾನು. "ಗುಂಟಿಂಗ್" ಇನ್ನೊಮ್ಮೆ ಕೇಳಿಸಲಿಲ್ಲ. ಮತ್ತೆ ಬರೆದೆ, ಮತ್ತೆ ಮತ್ತೆ ಬರೆದೆ. ವಾರದ ದಿನ ನಾನು ಕೌಂಟರಿನಲ್ಲಿದ್ದಾಗ ಓದಿದರೋ, ನನಗೆ ಗೊತ್ತಿಲ್ಲ. ಅವನಿಂದ ಬೇರೆ ಕಾರ್ಡು ಬರಲಿಲ್ಲ.

ಹೊಸ ಶತಮಾನ ಬಂದು ಕೆಲವು ವರ್ಷಕ್ಕೆ ಟೀಚರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಯಿತು. ಮಂಗಳೂರಿನ ಸಂಬಂಧಿಕರ ಮನೆಗೆ ಹೊರಡುವ ಮೊದಲು ನನ್ನನ್ನು ಕರೆಸಿದರು. ಗೋಡೆಯಲ್ಲಿ ಅಂಗಿ ಇನ್ನೂ ಇತ್ತು, ಹೆಗಲ ಮೇಲೆ ಹಳದಿ ಬಿದ್ದಿತ್ತು. ಅದನ್ನು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಕತ್ತರಿಯನ್ನು ತಡವಿ ತೆಗೆದು ಮೇಜಿನ ಮೇಲೆ ಇಟ್ಟರು. ಕತ್ತರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮಲ್ಲಿ ನಂಬಿಕೆ, ಅವರಲ್ಲೂ.

"ನೀವೇ ತೆಗೆದುಕೊಳ್ಳಿ. ಮನೆಗೆ ಬೀಗ ಕಂಡರೆ ಅವನು ಪೋಸ್ಟಾಫೀಸಿನಲ್ಲೇ ವಿಚಾರಿಸುವುದು, ನಿಮ್ಮ ವಿಳಾಸ ಅಲ್ಲಿ ಕೊಟ್ಟಿದ್ದೇನೆ. ಬಂದರೆ ಕೈಗೆ ಕೊಡಬೇಡಿ, ಮೇಜಿನ ಮೇಲೆ ಇಡಿ. ಪುನಃ ಜಗಳ ಬೇಡ. ಆಗ ಅವನಿಗೆ ಕೇಳಿಸದೆ ಹೋದದ್ದನ್ನು ಬಾಯಿಯಲ್ಲೇ ಹೇಳಿ."

ಆಗಲೂ ಹೇಳಲಿಲ್ಲ ನಾನು. ಧೈರ್ಯವಿರಲಿಲ್ಲ, ಬೇರೆ ಕಾರಣವಿಲ್ಲ. ಕತ್ತರಿ ತೆಗೆದುಕೊಂಡು ಬಸ್ಸು ಹತ್ತಿದೆ. ಮರುವರ್ಷ ರಂಜಾನಿಗೆ ಮೊದಲು ಅವರು ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ, ಒಂದು ಸಾಲಿನಲ್ಲಿ.

ಈಗ ಟೆಲಿಗ್ರಾಂ ಇಲ್ಲ. ಚಾಕಿನ ಗೆರೆ ಇದ್ದ ಜಾಗಕ್ಕೆ ನನ್ನ ರೇಡಿಯೋದ ಮುಳ್ಳು ತಂದು ಕೂತರೆ ಬರೀ ಸೊಂಯ್ ಶಬ್ದ. ಮೂಡುಬಿದಿರೆಯ ಆ ಮನೆಯ ಜಾಗದಲ್ಲಿ ಕಾಲೇಜು ಹುಡುಗಿಯರ ಹಾಸ್ಟೆಲ್ ಬಂದಿದೆ. ಬಿ.ಸಿ. ರೋಡಿನ ಈ ಮನೆಗೆ ಬರುವವರೆಗೆ ನನ್ನ ವಿಳಾಸ ಬದಲಾದಾಗಲೆಲ್ಲ ಮೂಡುಬಿದಿರೆಯ ಅಂಚೆ ಕಚೇರಿಗೆ ಹೋಗಿ ಬರೆಸಿ ಬಂದಿದ್ದೇನೆ. ಅಲ್ಲಿನ ಹೊಸ ಹುಡುಗಿ ಪ್ರತಿ ಸಲ ನನ್ನನ್ನು ವಿಚಿತ್ರವಾಗಿ ನೋಡುತ್ತಾಳೆ. ನೋಡಲಿ.

ಮೊನ್ನೆ ಖಾನೆ ಒರೆಸಿ, ಕತ್ತರಿಗೆ ಎರಡು ಹನಿ ಬಿಟ್ಟು, ಮೇಜಿನ ಮೇಲೆ ಇಟ್ಟು ಅದರ ಎದುರು ಕೂತೆ. ಆಗ ಇದನ್ನು ಬರೆಯಬೇಕೆನಿಸಿತು. ಇದನ್ನು ಅವನು ಓದುತ್ತಾನೆಂಬ ಭ್ರಮೆ ನನಗಿಲ್ಲ. ಇದ್ದಾನೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ಈ ಸಲ ಒಂದು ಪದವನ್ನೂ ಬಿಡುವುದಿಲ್ಲ.

ತಮ್ಮಾ, ಕತ್ತರಿ ಸಿಕ್ಕಿದೆ. ಶಾಲೆಯ ಕಪಾಟಿನಲ್ಲಿತ್ತು. ಅಲ್ಲಿ ಇಟ್ಟದ್ದು ನಿನ್ನ ಅಕ್ಕ. ನೀನು ಕದ್ದದ್ದಲ್ಲ. ನಿನ್ನನ್ನು ನಾಲ್ಕು ಜನರ ಎದುರು ಕಳ್ಳ ಅಂದದ್ದು ತನ್ನ ತಪ್ಪು, ಮನೆಗೆ ಬಾ ಎಂದು ಅವರು ಅಂದೇ ಹೇಳಿದ್ದರು. ಬರೆಯದೆ ಬಿಟ್ಟವಳು ನಾನು.